ತಗಡಿನ ಮೇಲಿನ ಚಕ್ರ

ನಮ್ಮ ಬೀದಿಯಲ್ಲಿ ಗಾಳಿ ಜೋರಾಗಿ ಬೀಸಿತೆಂದರೆ ಎಲ್ಲರೂ ಮೊದಲು ನೋಡುವುದು ಆಕಾಶವನ್ನಲ್ಲ, ಮನೆಯ ತಗಡನ್ನು. ತಗಡು ಪಟಪಟ ಬಡಿದುಕೊಂಡರೆ ಯಾರಾದರೂ ಏಣಿ ಹತ್ತಿ ಒಂದು ಕಲ್ಲನ್ನೋ ಹಳೇ ಟೈರನ್ನೋ ಅದರ ಮೇಲಿಟ್ಟು ಇಳಿಯುತ್ತಾರೆ. ಸದ್ದು ನಿಲ್ಲುತ್ತದೆ. ಸದ್ದು ನಿಂತರೆ ನಮಗೆ ಚಿಂತೆಯೂ ನಿಂತ ಹಾಗೆ.

ನನ್ನದು ಇಸ್ತ್ರಿ ಅಂಗಡಿ. ಪಕ್ಕದ್ದು ಗುಜರಿ ಅಂಗಡಿ, ಅದರ ಹಿಂದೆಯೇ ಅವರ ಮನೆ. ಗುಜರಿ ಅಣ್ಣನನ್ನು ಇಡೀ ಬೀದಿ ‘ಮಣಭಾರ’ ಎಂದೇ ಕರೆಯುವುದು. ಆಳೂ ಹಾಗೇ, ಮಾತೂ ಹಾಗೇ. ಜೀವಮಾನವೆಲ್ಲ ಕಬ್ಬಿಣ ತೂಗಿದ ಮನುಷ್ಯನಿಗೆ ಲೋಕದಲ್ಲಿ ನಂಬಿಕೆ ಇದ್ದದ್ದು ತೂಕದ ಮೇಲೆ ಮಾತ್ರ. ಬಾಗಿಲು ಬಡಿದುಕೊಳ್ಳುತ್ತದೆಯೇ, ಒಂದು ಕಬ್ಬಿಣದ ತುಂಡು ಅಡ್ಡ ಇಡು. ಮೇಜು ಅಲ್ಲಾಡುತ್ತದೆಯೇ, ಮೇಲೊಂದು ಹಳೇ ಮೋಟಾರು ಕೂರಿಸು. ಮೊಮ್ಮಗಳ ತೊಟ್ಟಿಲು ಜಾಸ್ತಿ ತೂಗಾಡುತ್ತದೆ ಎಂದು ಅದಕ್ಕೂ ಒಂದು ಬೋಲ್ಟು ಕಟ್ಟಿ ಹೆಂಡತಿ, ಅಂದರೆ ನಮ್ಮ ಅತ್ತಿಗೆಯ ಹತ್ತಿರ ಚೆನ್ನಾಗಿ ಬೈಸಿಕೊಂಡಿದ್ದರು.

ಅವರ ಮನೆಯ ಚಾವಣಿ ನೋಡಬೇಕಿತ್ತು. ನಾವು ಕಲ್ಲು ಇಟ್ಟರೆ ಅವರು ಗೇರಿನ ಚಕ್ರಗಳನ್ನು ಇಟ್ಟಿದ್ದರು. ಲಾರಿಯವು, ಟ್ರ್ಯಾಕ್ಟರಿನವು, ಯಾವ ಯಂತ್ರದ್ದೆಂದು ದೇವರಿಗೇ ಗೊತ್ತಿರುವಂಥವು. ಎಲ್ಲಕ್ಕಿಂತ ದೊಡ್ಡದು ಯಾವುದೋ ಹಳೇ ಕಾರ್ಖಾನೆಯದು. ಸುತ್ತಲೂ ಬೆರಳುದ್ದದ ಹಲ್ಲು, ಎತ್ತಲು ಇಬ್ಬರು ಬೇಕು. ಅದು ಕೂತಿದ್ದದ್ದು ಒಳಕೋಣೆಯ ಮೇಲೆ. ಆ ಕೋಣೆಯಲ್ಲೇ ಅವರ ಮಗಳು ತನ್ನ ಹಸುಗೂಸನ್ನು ಮಲಗಿಸುತ್ತಿದ್ದಳು.

“ನನ್ನ ಮೊಮ್ಮಗಳ ತಲೆ ಮೇಲಿನ ತಗಡನ್ನ ಯಾವ ಗಾಳೀನೂ ಮುಟ್ಟಲ್ಲ,” ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದರು. ಪ್ರೀತಿಯಿಂದಲೇ ಇಟ್ಟದ್ದು, ಪಾಪ.

ಗಾಳಿಗಾಲ ಶುರುವಾಗುವ ಮುಂಚೆ ಮನೆಗಳ ತಪಾಸಣೆ ಮಾಡಲು ಊರಾಡಳಿತದಿಂದ ಒಬ್ಬ ಇಂಜಿನಿಯರಮ್ಮ ಬಂದರು. ಕೈಯಲ್ಲೊಂದು ಟಾರ್ಚು, ಹೆಗಲಿಗೊಂದು ಸುತ್ತಿಗೆ ಚೀಲ. ಮೊದಲು ನನ್ನ ಅಂಗಡಿಯ ತಗಡು ನೋಡಿ, “ಗಾಳಿ ದಿನ ಇದರೊಳಗೆ ಕೂರ್ಬೇಡಿ ಅಕ್ಕಾ. ಇದನ್ನ ಬಿಚ್ಚಿ ಹೊಸದಾಗಿ ಕಟ್ಬೇಕು,” ಎಂದರು. ನನ್ನ ಮುಖ ಸಪ್ಪಗಾದದ್ದು ಕಂಡು ಮಣಭಾರಕ್ಕೆ ಒಳಗೊಳಗೇ ಖುಷಿ.

“ಬನ್ನಿ ಮೇಡಂ, ಗಟ್ಟಿ ಮನೆ ಹೇಗಿರುತ್ತೆ ಅಂತ ನಾನು ತೋರಿಸ್ತೀನಿ,” ಎಂದು ಮೀಸೆ ತಿರುವುತ್ತಾ ಕರೆದುಕೊಂಡು ಹೋದರು. ನಾನೂ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಹಿಂದೆಯೇ ಹೋದೆ. ಇಂಥದ್ದನ್ನು ತಪ್ಪಿಸಿಕೊಳ್ಳುವವಳಲ್ಲ ನಾನು.

ಇಂಜಿನಿಯರಮ್ಮ ಒಳಗೆ ನಿಂತು ತೊಲೆಗಳ ಮೇಲೆ, ಮೂಲೆಗಳ ಮೇಲೆ ಟಾರ್ಚು ಬಿಟ್ಟರು. ಆಮೇಲೆ ಏಣಿ ಹತ್ತಿ ಅಂಚಿನ ತಗಡನ್ನು ಒಂದೇ ಕೈಯಲ್ಲಿ ಮೇಲಕ್ಕೆ ತಳ್ಳಿದರು. ಮೊಳೆ ಕಿರ್‍ರೆಂದು ಅರ್ಧ ಹೊರಗೆ ಬಂತು.

“ಯಜಮಾನ್ರೇ, ಇದನ್ನ ಹಿಡ್ಕೊಂಡಿರೋದು ಏನು?”

“ಚಕ್ರ ಕಾಣಿಸಲ್ವಾ? ಗಾಳಿಗೆ ತೂಕ ಇದೆಯಾ? ಚಕ್ರಕ್ಕಿದೆ. ತೂಕ ಇಲ್ಲದ್ದು ತೂಕ ಇರೋದನ್ನ ಹೇಗೆ ಎತ್ತುತ್ತೆ?”

ನಿಜ ಹೇಳಬೇಕೆಂದರೆ ನನಗೂ ಆ ಮಾತು ಸರಿಯೆನಿಸಿತು.

ಇಂಜಿನಿಯರಮ್ಮ ನಕ್ಕರು. ಹಳೇ ಪೇಪರಿನಿಂದ ಅಂಗೈ ಅಗಲದ ಒಂದು ಪಟ್ಟಿ ಹರಿದು ಅಣ್ಣನ ಕೈಗೆ ಕೊಟ್ಟರು. “ಇದರ ತುದೀನ ಕೆಳದುಟಿಗೆ ಆನಿಸಿ ಹಿಡ್ಕೊಳ್ಳಿ. ಇನ್ನೊಂದು ತುದಿ ಮುಂದಕ್ಕೆ ಜೋತುಬೀಳ್ಲಿ. ಈಗ ಪೇಪರಿನ ಮೇಲ್ಗಡೆ ಊದಿ. ಕೆಳಗಡೆ ಅಲ್ಲ, ಮೇಲ್ಗಡೆ. ಪೇಪರು ಎಲ್ಲಿಗೆ ಹೋಗುತ್ತೆ ಹೇಳಿ?”

“ಮೇಲಿಂದ ಊದಿದ್ರೆ ಕೆಳಗೆ ಹೋಗುತ್ತೆ. ಇದೂ ಒಂದು ಪ್ರಶ್ನೆನಾ?”

ಅಣ್ಣ ಕೆನ್ನೆ ಉಬ್ಬಿಸಿ ಊದಿದರು. ಜೋತುಬಿದ್ದಿದ್ದ ಪಟ್ಟಿ ಸುಮ್ಮನೆ, ಯಾರೋ ಕೆಳಗಿನಿಂದ ಬೆರಳಿಟ್ಟು ಎತ್ತಿದ ಹಾಗೆ, ಮೇಲಕ್ಕೆದ್ದು ನೆಟ್ಟಗೆ ನಿಂತಿತು.

ಅವರು ಊದುವುದನ್ನು ನಿಲ್ಲಿಸಿ ಪೇಪರಿನ ಕೆಳಗೆ ಬಗ್ಗಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಊದಿದರು, ಮತ್ತೆ ಎದ್ದಿತು. ಅತ್ತಿಗೆ ಕಿತ್ತುಕೊಂಡು ಊದಿದರು. ನಾನೂ ಊದಿದೆ. ನಮ್ಮೆಲ್ಲರ ಕೆನ್ನೆ ನೋಡಿ ಕೂಸು ಕಿಲಕಿಲ ನಕ್ಕಿತು. ನನಗೆ ಮಾತ್ರ ಮೈ ಜುಮ್ಮೆಂದಿತು. ದಿನಾ ಒಗೆದ ಬಟ್ಟೆ ಗಾಳಿಗೆ ಹಾರುವುದನ್ನು ನೋಡುವವಳು ನಾನು, ಗಾಳಿ ಬಟ್ಟೆಯನ್ನು ತಳ್ಳುತ್ತದೆ ಎಂದೇ ತಿಳಿದಿದ್ದೆ. ಮೇಲಿನಿಂದ ಎಳೆಯುತ್ತದೆ ಎಂದು ಗೊತ್ತೇ ಇರಲಿಲ್ಲ.

“ಬಿರುಗಾಳಿ ಮನೆ ಮೇಲೆ ಹಾಯುವಾಗಲೂ ಇದೇ ಆಗೋದು,” ಎಂದರು ಇಂಜಿನಿಯರಮ್ಮ. “ತಗಡನ್ನ ಮೇಲಕ್ಕೆ ಎಳೆಯುತ್ತೆ. ಕಿಟಕಿನೋ ಬಾಗಿಲೋ ತೆರೆದುಕೊಂಡ್ರೆ ಒಳಗೆ ನುಗ್ಗಿ ಕೆಳಗಿನಿಂದಲೂ ನೂಕುತ್ತೆ. ಆಗ ಚಕ್ರ ತಡೆಯಲ್ಲ, ತಗಡಿನ ಜೊತೆ ತಾನೂ ಏಳುತ್ತೆ. ಎದ್ದದ್ದು ಎಲ್ಲಿ ಬೀಳುತ್ತೆ ಅಂತ ಯಾರು ಹೇಳ್ತಾರೆ?”

ಮಗಳು ತೊಟ್ಟಿಲನ್ನು ಗೋಡೆಯ ಕಡೆಗೆ ಸರಿಸಿದಳು.

“ಹಾಗಾದ್ರೆ ಏನ್ ಮಾಡ್ಬೇಕು?” ಎಂದು ಕೇಳಿದ್ದು ಅತ್ತಿಗೆ.

“ಒಂದು ಸುಲಭದ ಉಪಾಯ ಇದೆ. ನಿಮ್ಮ ಮನೇನ ಯಾರೋ ತಲೆಕೆಳಗೆ ಮಾಡಿ ಹಿಡಿದಿದ್ದಾರೆ ಅಂದ್ಕೊಳ್ಳಿ. ಯಾವುದು ಯಾವುದು ಕಳಚಿ ಬೀಳುತ್ತೆ? ಗಾಳಿ ತಗೊಂಡು ಹೋಗೋದೂ ಅದನ್ನೇ.” ಅಂಗಡಿಯಲ್ಲಿ ಭಾರ ಎತ್ತಲು ನೇತುಹಾಕಿದ್ದ ಸರಪಳಿಯನ್ನು ತೋರಿಸಿ, “ಇದನ್ನ ದಿನಾ ನೋಡ್ತೀರಾ?” ಎಂದರು.

“ನೋಡದೆ ಇರ್ತೀನಾ? ಒಂದು ಕೊಂಡಿ ಬಿಟ್ರೆ ಮುಗೀತಲ್ಲ.”

“ಮನೆನೂ ಸರಪಳಿನೇ ಯಜಮಾನ್ರೇ. ತಗಡು ಅದರ ಕೆಳಗಿನ ಮರದ ರೀಪಿಗೆ, ರೀಪು ತೊಲೆಗೆ, ತೊಲೆ ಗೋಡೆಗೆ, ಗೋಡೆ ಪಾಯಕ್ಕೆ ಬಿಗಿಯಾಗಿ ಹಿಡ್ಕೊಂಡಿರ್ಬೇಕು. ನಿಮ್ಮನೇಲಿ ಮೊದಲನೇ ಕೊಂಡಿನೇ ಸಡಿಲ.”

ಅಣ್ಣ ಕತ್ತು ಮೇಲೆ ಮಾಡಿ ಒಂದೊಂದೇ ತಗಡನ್ನು ನೋಡುತ್ತಾ ಹೋದರು. ಮನೆಯನ್ನು ಮನಸ್ಸಿನಲ್ಲೇ ಮಗುಚಿ ನೋಡುತ್ತಿದ್ದಾರೆ ಎಂದು ಅವರ ಮುಖವೇ ಹೇಳುತ್ತಿತ್ತು. ಕೊನೆಗೆ ಮೆಲ್ಲಗೆ, “ಎಲ್ಲಾ ಬೀಳುತ್ತೆ,” ಎಂದರು.

ಮಾರನೇ ದಿನವೇ ಕೆಲಸ ಶುರುವಾಯಿತು. ಮೊಳೆ ಕಿತ್ತು ಕೊಕ್ಕೆ ಬೋಲ್ಟು, ಅದಕ್ಕೆ ಅಗಲವಾದ ವಾಷರು ಹಾಕಿದರು. ಗಾಳಿ ಮೊದಲು ಕೈ ಹಾಕುವುದು ಅಂಚಿಗೂ ಮೂಲೆಗೂ ಆದ್ದರಿಂದ ಅಲ್ಲಿ ಒತ್ತೊತ್ತಾಗಿ ಬಿಗಿದರು. ಹುಳ ತಿಂದ ತೊಲೆ ಬದಲಾಯಿತು. ಪ್ರತಿ ತೊಲೆಯನ್ನೂ ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಂಧಿಸಿದರು. ಕಿಟಕಿಗೆ ಗಟ್ಟಿ ಚಿಲಕ ಬಂತು. ಚಾವಣಿಯ ಮೇಲೆ ಚಾಚಿದ್ದ ಮರದ ಕೊಂಬೆಯೂ ಹೋಯಿತು. ಹಳೇ ಬೋಲ್ಟುಗಳ ರಾಶಿಯೇ ಅಂಗಳದಲ್ಲಿದ್ದರೂ ಇಂಜಿನಿಯರಮ್ಮ ತುಕ್ಕು ಹಿಡಿದದ್ದು ಬೇಡವೇ ಬೇಡ ಎಂದುಬಿಟ್ಟರು.

“ಗುಜರಿಯವನು ಅಂಗಡಿಗೆ ಹೋಗಿ ಹೊಸ ಬೋಲ್ಟು ತರೋದಾ! ಮರ್ಯಾದೆ ಹೋಯ್ತು,” ಎಂದು ಅಣ್ಣ ಗೊಣಗಿದ್ದೇ ಗೊಣಗಿದ್ದು.

ಚಕ್ರಗಳೂ ಕೆಳಗಿಳಿದವು. ಆದರೆ ಹುಟ್ಟುಗುಣ ಎಲ್ಲಿಗೆ ಹೋಗಬೇಕು? ದೊಡ್ಡ ಚಕ್ರವನ್ನು ಹಿತ್ತಲ ಶೆಡ್ಡಿನ ತಗಡಿನ ಮೇಲೆ ಏರಿಸಿದರು. ಅವರು ಕೂತು ಗುಜರಿ ತೂಗುವುದು ಆ ಶೆಡ್ಡಿನಲ್ಲೇ.

“ಮನೆ ನಿಮ್ಮ ಮಾತಿನ ಹಾಗೆ ಆಯ್ತಲ್ಲ. ಶೆಡ್ಡು ನನ್ನ ಮಾತಿನ ಹಾಗಿರಲಿ. ಪೇಪರು ಏಳುತ್ತೆ, ಒಪ್ತೀನಿ. ಇದು ಎದ್ದದ್ದನ್ನ ನಾನು ಕಣ್ಣಾರೆ ನೋಡ್ಬೇಕು,” ಎಂದರು. ಇಂಜಿನಿಯರಮ್ಮ ಎಷ್ಟು ಹೇಳಿದರೂ ಅಣ್ಣ ಕೇಳಲಿಲ್ಲ. ಕೊನೆಗೆ ಆಕೆ, ಗಾಳಿ ಎದ್ದರೆ ಶೆಡ್ಡಿನ ಹತ್ತಿರ ಯಾರೂ ಸುಳಿಯುವುದಿಲ್ಲ ಎಂದು ಮಗುವಿನ ತಲೆ ಮುಟ್ಟಿಸಿ ಭಾಷೆ ತೆಗೆದುಕೊಂಡು ಹೋದರು.

ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ರೇಡಿಯೋದಲ್ಲಿ ಎಚ್ಚರಿಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿ, ಸಡಿಲ ಮನೆಯವರು ಶಾಲೆಯ ಕಟ್ಟಡಕ್ಕೆ ಹೋಗಿ ಎಂದರು. ಬೀದಿಯವರು ಹೊರಟರು. ನಾನು ಅಂಗಡಿ ಮುಚ್ಚಿ, ಬಟ್ಟೆಯ ಗಂಟು ಹೊತ್ತುಕೊಂಡು ಅತ್ತಿಗೆಯ ಮನೆ ಸೇರಿದೆ. ಆ ಮನೆಯಲ್ಲೇ ಇರಬಹುದು ಎಂದು ಇಂಜಿನಿಯರಮ್ಮ ಮರುತಪಾಸಣೆ ಮಾಡಿ ಹೇಳಿದ್ದರು. ಅಂಗಳದ ಬಕೆಟ್ಟು, ಡಬ್ಬ, ಹಲಗೆ ಎಲ್ಲವನ್ನೂ ಒಳಗೆ ತಂದು ಕಿಟಕಿ ಬಾಗಿಲು ಭದ್ರವಾಗಿ ಹಾಕಿದೆವು.

ಗಾಳಿ ಬಂತು. ಬೀಸುವ ಗಾಳಿ ನನಗೆ ಗೊತ್ತು. ಇದು ಬೀಸುತ್ತಿರಲಿಲ್ಲ, ಎಲ್ಲಾ ಕಡೆಯಿಂದ ಒಟ್ಟಿಗೇ ಮೈಮೇಲೆ ಬಿದ್ದಿತು. ಗೋಡೆ ಗುಂಯ್ ಎಂದಿತು. ತಲೆಯ ಮೇಲೆ ತಗಡು ನರಳಿತು. ನಾವೆಲ್ಲ ಕೋಣೆಯ ಒಳಮೂಲೆಯಲ್ಲಿ ಒತ್ತಿ ಕೂತೆವು. ಅಲ್ಲಿಂದ ಹಿಂಬಾಗಿಲ ಮೇಲಿನ ಗಾಜಿನ ಕಿಂಡಿಯಲ್ಲಿ ಶೆಡ್ಡು ಕಾಣುತ್ತಿತ್ತು. ಅಣ್ಣ ಎದ್ದು ಕಿಂಡಿಯ ಹತ್ತಿರ ಹೋಗಲು ನೋಡಿದರು. ಮಗಳು ಅಂಗಿ ಹಿಡಿದು ಜಗ್ಗಿ ಕೂರಿಸಿದಳು.

ಆಗ ಶೆಡ್ಡಿನ ತಗಡಿನ ಒಂದು ಮೂಲೆ ಎದ್ದಿತು. ಅದರ ಹಿಂದೆ ಇಡೀ ತಗಡೇ ಎದ್ದಿತು. ಚಕ್ರ ಇನ್ನೂ ಅದರ ಮೇಲೇ ಕೂತಿತ್ತು! ತಟ್ಟೆಯಲ್ಲಿ ಲೋಟ ಇಟ್ಟುಕೊಂಡು ಹೋದ ಹಾಗೆ ಗಾಳಿ ಅದನ್ನು ಎತ್ತಿಕೊಂಡಿತು. ಇಬ್ಬರು ಗಂಡಸರು ಮುಕ್ಕಿರಿದು ಎತ್ತಿದ ಕಬ್ಬಿಣ, ನಮ್ಮ ಕಣ್ಣೆದುರಿಗೆ ಬೇವಿನೆಲೆಯ ಹಾಗೆ ಮೇಲೇರಿತು. ಭಯವಾಗಬೇಕಿತ್ತು, ಆದರೆ ಆ ಕ್ಷಣಕ್ಕೆ ನನ್ನ ಕೈ ತಾನಾಗಿಯೇ ಮುಗಿದುಕೊಂಡಿತ್ತು. ಮರುಗಳಿಗೆಯೇ ತಗಡು ಓರೆಯಾಯಿತು. ಚಕ್ರ ಜಾರಿತು. ಬಿದ್ದ ಸದ್ದಿಗೆ ನಾವು ಕೂತ ನೆಲ ಅದುರಿತು.

ಅಣ್ಣ ತೊಟ್ಟಿಲ ಕಡೆ ನೋಡಿದರು. ಅದರ ಮೇಲಿನ ಚಾವಣಿಯನ್ನು ನೋಡಿದರು. ತಗಡು ನರಳುತ್ತಲೇ ಇತ್ತು, ಆದರೆ ಒಂದು ಬೋಲ್ಟೂ ಅಲುಗಿರಲಿಲ್ಲ.

“ಹಿಡ್ಕೊಂಡಿದೆ,” ಎಂದರು. “ಹಿಡ್ಕೊಂಡಿದೆ ಕಣೇ.”

ಗಾಳಿ ಪೂರ್ತಿ ಇಳಿದ ಮೇಲೆ ಹಿತ್ತಲಿಗೆ ಹೋದೆವು. ಚಕ್ರ ಅಣ್ಣ ದಿನಾ ಕೂರುವ ಹಲಗೆಯನ್ನು ಎರಡು ಹೋಳು ಮಾಡಿ ನೆಲದಲ್ಲಿ ಹೂತುಕೊಂಡಿತ್ತು. ಅವರು ಅದರ ಹಲ್ಲುಗಳ ಮೇಲೆ ಕೈಯಾಡಿಸಿ, “ಇದು ಮಗೂನ ತಲೆ ಮೇಲಿತ್ತು. ನಾನೇ ಇಟ್ಟಿದ್ದೆ,” ಎಂದು ಅಲ್ಲೇ ಕುಸಿದು ಕೂತು ಅತ್ತರು. ಮಣಭಾರ ಅತ್ತದ್ದನ್ನು ನಮ್ಮ ಬೀದಿ ಅದುವರೆಗೆ ನೋಡಿರಲಿಲ್ಲ.

ಇಂಜಿನಿಯರಮ್ಮ ಬಂದಾಗ ಅವರು ಹೇಳಿದ್ದು ಇಷ್ಟೇ: “ತಾಯಿ, ಗಾಳೀನ ತೂಗೋ ತಕ್ಕಡಿ ನನ್ನ ಹತ್ರ ಇಲ್ಲ.”

ಆ ಚಕ್ರ ಈಗ ಅಂಗಡಿಯ ಬಾಗಿಲಲ್ಲಿದೆ. ಯಾರು ಕೇಳಿದರೂ ಮಾರುವುದಿಲ್ಲ. ತಗಡಿನ ಮೇಲಿಡಲು ಭಾರದ್ದೇನಾದರೂ ಕೊಡಿ ಎಂದು ಬಂದವರನ್ನು ಅಣ್ಣ ಅದರ ಪಕ್ಕದಲ್ಲೇ ಕೂರಿಸಿ, ಕೈಗೊಂದು ಪೇಪರಿನ ಪಟ್ಟಿ ಕೊಟ್ಟು, “ಮೊದಲು ಊದಿ,” ಎನ್ನುತ್ತಾರೆ. ಹೊಸದಾಗಿ ಕಟ್ಟಿಸಿದ ನನ್ನ ಅಂಗಡಿಗೆ ಬೋಲ್ಟು ಬಿಗಿದವರೂ ಅವರೇ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವೂ ಒಮ್ಮೆ ಊದಿ ನೋಡಿ. ಆಮೇಲೆ ನಿಮ್ಮ ಮನೆಯನ್ನು ಮನಸ್ಸಿನಲ್ಲೇ ಮಗುಚಿ. ಸಡಿಲವಾದದ್ದನ್ನು ಗಾಳಿಗಾಲಕ್ಕೆ ಮುಂಚೆ ಬಿಗಿಸಿ, ತಿಳಿದವರಿಂದ ತಪಾಸಣೆ ಮಾಡಿಸಿ. ಮನೆ ಬಿಟ್ಟು ಹೋಗಿ ಎಂದು ಎಚ್ಚರಿಕೆ ಬಂದರೆ ಹಿಂದೆ ಮುಂದೆ ನೋಡದೆ ಹೋಗಿ. ಚಾವಣಿಯ ಮೇಲಿಟ್ಟ ಕಲ್ಲು, ಟೈರು, ಕಬ್ಬಿಣ ಎಲ್ಲವನ್ನೂ ಇಳಿಸಿ.

ನಿಮ್ಮ ಮನೆಯ ಮಗು ಮಲಗುವ ಜಾಗದ ಮೇಲೆ ಏನಿದೆ? ಇವತ್ತೇ, ಬೆಳಕಿರುವಾಗಲೇ, ತಲೆ ಎತ್ತಿ ನೋಡಿ.