ಫ್ರಿಜ್ಜಿನ ಕಾಗದ ಬಂದಿತ್ತೇ?

ಕಾಗದ ಬರಲೇ ಇಲ್ಲವೆಂದು ಲಿಯೋಟಾ ಬ್ರಾಂಡ್‌ವೋಲ್ಡ್ ಒಂಬತ್ತು ತಿಂಗಳಿಂದ ಹೇಳುತ್ತ ಬಂದಿದ್ದಳು. ತಾವು ವಾಸವಿದ್ದ ಮನೆಗಾಡಿಯ ಫ್ರಿಜ್ಜಿನ ಹಿಂದೆ ಬೆಂಕಿ ಹತ್ತಿದ ಮಧ್ಯಾಹ್ನ ಅವಳು ಬಟ್ಟೆ ಒಗೆಯಲು ಹೋಗಿದ್ದಳು. ಗಂಡ ಆರ್ವಿಡ್ ಊಟ ಮುಗಿಸಿ ಒಳಗೆ ಮಲಗಿದ್ದ. ಅವನು ಏಳಲಿಲ್ಲ.

ಗ್ಯಾಸಿನಿಂದ ನಡೆಯುವ ಆ ಫ್ರಿಜ್ಜಿನಲ್ಲಿ ದೋಷವಿದೆ, ಹಚ್ಚಬೇಡಿ, ಪುಕ್ಕಟೆ ಸರಿಮಾಡಿಕೊಡುತ್ತೇವೆ ಎಂದು ಎರಡು ವರ್ಷ ಮೊದಲೇ ಕಾಗದ ಹಾಕಿದ್ದೆವು ಎನ್ನುತ್ತಿದ್ದರು ಕಂಪನಿಯವರು. ಹಸಿ ಸುಳ್ಳು ಎಂದೇ ಅವಳು ನಂಬಿದ್ದಳು.

ಇವತ್ತು ಕಂಪನಿಯ ಮೇಲೆ ಹಾಕಿದ ದಾವೆಗಾಗಿ ಯೂಮಾ ಪಟ್ಟಣದಿಂದ ವಕೀಲೆ ಟ್ರೆವಿನ್ಯೋ ಬರುವವಳಿದ್ದಳು. ಅವಳು ಮೊದಲೇ ಕಳಿಸಿದ್ದ ಹೇಳಿಕೆ ಮೇಜಿನ ಮೇಲಿತ್ತು: 'ಯಾವ ಸೂಚನೆಯೂ ನನಗೆ ಬಂದಿಲ್ಲ.' ಇದಕ್ಕೆ ದೇವರ ಮೇಲೆ ಆಣೆಯಿಟ್ಟು ಸಹಿ ಹಾಕಬೇಕು.

"ಆ ಟಪಾಲಿನ ಅಂಗಡಿಯವರನ್ನ ಒಂದ್ಮಾತು ಕೇಳು," ಎಂದಳು ಪಕ್ಕದ ಗಾಡಿಯ ಮರ್ಲಿಸ್. "ಅವ್ರೂ ಕಂಪನಿ ಜೊತೆ ಸೇರ್ಕೊಂಡಿರಬಹುದು. ನಾನಂತೂ ಯಾರನ್ನೂ ನಂಬಲ್ಲ."

"ನನ್ನನ್ನೂ?"

"ನಿನ್ನ ಕಾಫಿನ ಮೊದ್ಲೇ ನಂಬಲ್ಲ ಕಣೇ."

ವರ್ಷವಿಡೀ ಊರೂರು ತಿರುಗುವವರ ಟಪಾಲೆಲ್ಲ ಸೌತ್ ಡಕೋಟಾದ ಒಂದು ಅಂಗಡಿಗೆ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಅಲ್ಲಿಯ ಡಾರ್ಲಾ ಲಕೋಟೆಯ ಮೇಲಿನದನ್ನು ಫೋನಿನಲ್ಲಿ ಓದುತ್ತಾಳೆ. ಬೇಕಾದ್ದನ್ನು ಕಳಿಸು, ಬೇಡದ್ದನ್ನು ಚೂರು ಮಾಡು ಎಂದು ಹೇಳಿದರಾಯಿತು. ಲಿಯೋಟಾ ಅವಳಿಗೆ ಫೋನು ಹಚ್ಚಿ, ಮರ್ಲಿಸ್‌ಗೂ ಕೇಳಲೆಂದು ಮೇಜಿನ ಮೇಲಿಟ್ಟು, ಫ್ರಿಜ್ಜಿನ ಕಾಗದ ಬಂದಿತ್ತೇ ಎಂದು ವಿಚಾರಿಸಿದಳು.

"ಬಂದಿದೆಯಲ್ಲ ಲಿಯೋಟಾ," ಎಂದಳು ಡಾರ್ಲಾ, ಪಟ್ಟಿ ನೋಡಿ. "ಮಾರ್ಚ್ ಹದಿನಾಲ್ಕು. ಮೇಲೆ ಕೆಂಪಕ್ಷರ. ಚೂರು ಮಾಡಿದ್ದೀವಿ."

"ಯಾರು ಹೇಳಿದ್ದು? ಕಂಪನಿಯವ್ರಾ?"

"ನೀನೇ. ಆವತ್ತಿನ ಮಾತು ರೆಕಾರ್ಡ್ ಆಗಿದೆ. ಕೇಳ್ತೀಯಾ?"

ಲಿಯೋಟಾಳದೇ ದನಿ, ನಗುತ್ತಿತ್ತು. "ಕೆಂಪಕ್ಷರಾನಾ? ಮತ್ತೆ ಆ ವಾರಂಟಿ ಮಾರೋ ಕಳ್ಳರು. ತಿಂಗಳಿಗೆ ನಾಕು ಬರ್ತವೆ. ಚೂರು ಮಾಡಮ್ಮ."

ಹಿಂದಿನಿಂದ ಇನ್ನೊಂದು ದನಿ, ಆರ್ವಿಡ್‌ನದು. "ಒಂದ್ಸಲ ಒಡೆದು ನೋಡ್ಸೇ."

"ನೀನು ಸುಮ್ನಿರು. ಎಲ್ಲಾರ್ನೂ ನಂಬೋ ಪುಣ್ಯಾತ್ಮ!"

ಲಿಯೋಟಾ ಫೋನನ್ನು ಹತ್ತಿರ ಎಳೆದುಕೊಂಡಳು. ಇದೂ ಮೋಸವೇ? ಸತ್ತವರ ದನಿಯನ್ನು ಯಂತ್ರದಲ್ಲಿ ನಕಲು ಮಾಡುತ್ತಾರಂತೆ. ಇನ್ನೊಮ್ಮೆ ಹಾಕಿಸಿದಳು. ಕೊನೆಯಲ್ಲಿ ಟುಪ್ ಎಂದು ಸೂರ್ಯಕಾಂತಿ ಬೀಜದ ಸಿಪ್ಪೆ ಡಬ್ಬಿಗೆ ಉಗಿದ ಸದ್ದು ಕೇಳಿಸಿತು. ನಲವತ್ತೆಂಟು ವರ್ಷ ಅವಳು ಗಂಡನನ್ನು ಬೈದದ್ದು ಈ ಸದ್ದಿಗೇ. ಅದನ್ನು ನಕಲು ಮಾಡಬೇಕೆಂದು ಯಾರಿಗೆ ತಾನೇ ಹೊಳೆದೀತು?

ಮರ್ಲಿಸ್ ಫೋನು ಆರಿಸಿದಳು. "ಕಂಪನಿಯವ್ರಿಗೆ ಇದು ಗೊತ್ತಿಲ್ಲ ತಾನೇ? ಹಾಗಾದ್ರೆ ಬಾಯಿ ಮುಚ್ಕೊಂಡು ಸಹಿ ಹಾಕು. ಕೆಟ್ಟ ಫ್ರಿಜ್ಜು ಮಾಡಿದ್ದು ನೀನಲ್ಲ."

ಹೌದು, ಅವಳಲ್ಲ. ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಳು. ನಿನ್ನ ಮೇಲೆ ಸುಳ್ಳು ಆಣೆಯಿಡುತ್ತೇನೆಂದು ದೇವರಿಗೆ ಹೇಳುವುದು ಹೇಗೆ? ಅಷ್ಟರಲ್ಲಿ ವಕೀಲೆಯ ಕಾರು ಬಂದು ನಿಂತಿತು.

"ಈ ಸಾಲು ಹೊಡೆದುಹಾಕಿ," ಎಂದಳು ಲಿಯೋಟಾ, ವಕೀಲೆ ಕೂರುವ ಮೊದಲೇ. "ಕಾಗದ ಬಂದಿತ್ತು. ಎಸೆಯೋಕೆ ಹೇಳಿದವಳು ನಾನು."

ಮರ್ಲಿಸ್ ಹಣೆ ಚಚ್ಚಿಕೊಂಡಳು.

ಟ್ರೆವಿನ್ಯೋ ಎಲ್ಲವನ್ನೂ ಕೇಳಿ ಆ ಸಾಲಿನ ಮೇಲೆ ಗೀಟು ಎಳೆದಳು. "ಇಷ್ಟಕ್ಕೇ ದಾವೆ ಬಿದ್ದುಹೋಗಲ್ಲ, ಮಿಸೆಸ್ ಬ್ರಾಂಡ್‌ವೋಲ್ಡ್. ದೋಷ ಇದ್ದದ್ದು ಅವರ ಫ್ರಿಜ್ಜಿನಲ್ಲೇ. ಆ ಕಾಗದ ಕಳ್ಳರ ಕಾಗದದ ಹಾಗೆ ಯಾಕಿತ್ತು ಅಂತ ನಾನೂ ಕೇಳ್ತೀನಿ. ಆದ್ರೆ ತಪ್ಪಿನಲ್ಲಿ ನಿಮ್ಮ ಪಾಲೆಷ್ಟು ಅಂತ ಜ್ಯೂರಿಯವರು ತೂಗ್ತಾರೆ. ಅವರ ವಕೀಲ ಆ ರೆಕಾರ್ಡನ್ನ ತುಂಬಿದ ಕೋರ್ಟಿನಲ್ಲಿ ಹಾಕಿಸ್ತಾನೆ. ತಡ್ಕೋತೀರಾ?"

"ನನ್ನ ಮಾತು ಬಂದಾಗ ತಲೆ ತಗ್ಗಿಸ್ಕೋತೀನಿ," ಎಂದಳು ಲಿಯೋಟಾ. "ಅವನ ಮಾತನ್ನ ಮಾತ್ರ ಎಲ್ಲಾರೂ ಕೇಳಲಿ. ಒಡೆದು ನೋಡು ಅಂದಿದ್ದ ಅವನು."