ತಾಮ್ರದ ಪುಡಿಯೊಳಗಿನ ಸುರುಳಿ

ಗಂಗಾವತಿಯಲ್ಲಿ ಪಂಪ್‌ಸೆಟ್ ಸುಟ್ಟವರಿಗೆಲ್ಲ ಕಾರಟಗಿ ರಸ್ತೆಯ ಕೊಟ್ರಬಸಪ್ಪನ ಅಂಗಡಿಯೇ ಗತಿಯಾಗಿತ್ತು. ಮೋಟಾರಿನ ಸುಟ್ಟ ತಂತಿ ಕಿತ್ತು ಹೊಸದು ಸುತ್ತುವುದರಲ್ಲಿ ಅವನದು ಎತ್ತಿದ ಕೈ. ಆ ಕೈಗೇ ಹೋದ ವರ್ಷ ನಡುಕ ಹತ್ತಿತು. ಗಿರಾಕಿಗಳು, ಒಳ್ಳೆಯವರೇ ಪಾಪ, ನಡುಕದ ಮಾತೆತ್ತದೆ ಅವನ ಮುಖ ನೋಡಿ ನಕ್ಕು ಮೋಟಾರನ್ನು ಮುಂದಿನ ಅಂಗಡಿಗೆ ಹೊತ್ತೊಯ್ದರು. ಅವನು ಮಾತ್ರ ದಿನಾ ಬಾಗಿಲು ತೆರೆದು ಕೂರುತ್ತಿದ್ದ.

ರಜೆಗೆ ಬಂದ ಮಗಳು ಶೈಲಜಾಗೆ ಇದನ್ನು ನೋಡಲಾಗಲಿಲ್ಲ. ಮೈನಸ್ ಇನ್ನೂರು ಡಿಗ್ರಿಗೂ ಕೆಳಗಿನ ಚಳಿಯಲ್ಲಿಟ್ಟ ಸೂಕ್ಷ್ಮ ಸಾಧನಗಳ ವಿದ್ಯುತ್ತನ್ನು ಅಳೆಯುವುದು ಅವಳ ಕೆಲಸ. ಹೊರಗಿನ ಮೈಕ್ರೋವೇವ್ ಗದ್ದಲ ತಂತಿ ಹಿಡಿದು ಒಳಗಿಳಿದರೆ ಅಳತೆಯೆಲ್ಲ ಕೆಟ್ಟಂತೆ. ಅದನ್ನು ದಾರಿಯಲ್ಲೇ ನುಂಗಲು ಫಿಲ್ಟರ್ ಬೇಕು: ಒಂದು ಲೋಹದ ಕೊಳವೆ, ಅದರ ತುಂಬ ತಾಮ್ರದ ಪುಡಿ, ಪುಡಿಯಲ್ಲಿ ಹೂತ ಕೂದಲೆಳೆಯಂಥ ತಂತಿಯ ಸುರುಳಿ.

"ಅಪ್ಪಾ, ನಮ್ಮ ಲ್ಯಾಬಿನ್ಯಾಗ ಯಾರಿಗೂ ನಿನ್ನಂಗ ಸುತ್ತಾಕ ಬರಂಗಿಲ್ಲ," ಅಂದಳು. ಅದು ಅರ್ಧ ಸುಳ್ಳು. ಅಪ್ಪನ ಮುಖ ಅರಳಿದ್ದು ಮಾತ್ರ ಪೂರಾ ನಿಜ.

ವಾರವಿಡೀ ಅವನು ಉಸಿರು ಬಿಗಿಹಿಡಿದು ಸುತ್ತಿದ. ಅವಳು ಪುಡಿಗೆ ಅಂಟು ಕಲಸಿ ತುಂಬಿದಳು. ಒಣಗಿದ ಮೇಲೆ, ಅವನು ಚಹಾ ಹೇಳಲು ಹೋದಾಗ, ಮೀಟರಿನ ಒಂದು ತುದಿ ಸುರುಳಿಗೆ, ಇನ್ನೊಂದು ಕೊಳವೆಗೆ ಹಚ್ಚಿ ನೋಡಿದಳು. ಕುಂಯ್ ಅನ್ನಬಾರದಿತ್ತು, ಅಂತು. ನಡುಗುವ ಬೆರಳು ಎಲ್ಲೋ ತಂತಿಯ ಮೇಲಿನ, ಕರೆಂಟು ತಡೆಯುವ ತೆಳು ಲೇಪ ಕೆರೆದಿತ್ತು. ಸುರುಳಿಯ ಕರೆಂಟು ಕೊಳವೆಯ ಮೈಗೆ ಸೋರುತ್ತಿತ್ತು. ಅಪ್ಪ ಮರಳಿ ಬರುವುದು ಕಂಡಿತು. ಮೀಟರನ್ನು ಚೀಲಕ್ಕೆ ತುರುಕಿದಳು.

"ಭಾಳ ಛಲೋ ಬಂದೈತಿ, ಅಪ್ಪಾ. ಒಯ್ತೀನಿ."

"ತಡಿ ಅವ್ವಾ. ಬಲ್ಬು ಹಚ್ಚಿ ನೋಡಲಾರದ ಏನೂ ಈ ಅಂಗಡಿ ಹೊಸ್ತಿಲಾ ದಾಟಿಲ್ಲ."

ಅದು ಅವನ ಕಟ್ಟಳೆ. ಗಿರಾಕಿಯ ಕಣ್ಣೆದುರೇ, ಕರೆಂಟಿಗೆ ಜೋಡಿಸಿದ ಬಲ್ಬಿನ ಒಂದು ತಂತಿ ಸುರುಳಿಗೆ, ಇನ್ನೊಂದು ಮೋಟಾರಿನ ಮೈಗೆ. ಬಲ್ಬು ಹತ್ತಿದರೆ ಕರೆಂಟು ಸೋರುತ್ತಿದೆ, ಕೆಲಸ ಕೆಟ್ಟಿತು ಎಂದೇ ಅರ್ಥ.

"ಬ್ಯಾಡಪ್ಪಾ, ಬಸ್ಸಿಗೆ ಹೊತ್ತಾತು."

ಅವನು ಕೇಳಲಿಲ್ಲ. ಸುರುಳಿಗೂ ಕೊಳವೆಗೂ ತಂತಿ ಮುಟ್ಟಿಸಿದ. ಬಲ್ಬು ಹತ್ತಿತು.

ಅವನು ಮಗಳತ್ತ ತಿರುಗಿ ಕೇಳಿದ, "ನಿನಗ ಮೊದಲ ಗೊತ್ತಿತ್ತೇನು?"

ಶೈಲಜಾ ಚೀಲದಿಂದ ಮೀಟರ್ ತೆಗೆದು ಅವನ ಮುಂದಿಟ್ಟಳು.

"ಗಿರಾಕಿಗೋಳೂ ಹಿಂಗ ನಕ್ಕು ಹೋಗ್ತಾರವ್ವಾ. ನೀನರ ಖರೇ ಹೇಳತಿ ಅಂದ್ಕೊಂಡಿದ್ದೆ."

ಅವನು ಬಲ್ಬಿನ ತಂತಿಯನ್ನು ಸುತ್ತಿ ಮೊಳೆಗೆ ನೇತುಹಾಕಿದ. ಮಟಮಟ ಮಧ್ಯಾಹ್ನ, ಪಕ್ಕದ ಅಂಗಡಿಗಳೆಲ್ಲ ತೆರೆದಿರುವಾಗ, ಶಟರ್ ಎಳೆದ. ಕೀಲಿಕೈ ಎಷ್ಟು ಸಲ ಹಿಡಿದರೂ ಕೀಲಿಯೊಳಗೆ ಹೋಗಲಿಲ್ಲ.

"ನೀನ ಹಾಕವ್ವಾ," ಎಂದು ಅವಳ ಕೈಗೆ ಕೊಟ್ಟ.

ಅವಳು ಅಳುತ್ತಲೇ ಅಪ್ಪನ ಅಂಗಡಿಗೆ ಕೀಲಿ ಹಾಕಿದಳು.