ಕಲಾಯಿಯವನ ಸೀಸ

ಎರಡನೆಯ ಸಲವೂ ಅಚ್ಚಿನಿಂದ ಅರ್ಧ ತಲೆಯೇ ಹೊರಬಂತು. ಗಾಳದ ಕೊಕ್ಕೆ ನೆಟ್ಟಗೇ ಕೂತಿತ್ತು. ಅದರ ಕುತ್ತಿಗೆಗೆ ದುಂಡಗೆ ಅಂಟಬೇಕಾದ ಸೀಸ ಮಾತ್ರ ಇಲಿ ಕಡಿದ ಹಾಗೆ ಅರ್ಧಕ್ಕೇ ನಿಂತುಬಿಟ್ಟಿತ್ತು. ಸರದಾರಸಾಬ ಅದನ್ನು ಇಕ್ಕಳದಲ್ಲೆತ್ತಿ ಬೆಳಕಿಗೆ ಹಿಡಿದು ನೋಡಿ, ಮತ್ತೆ ಬಾಣಲೆಗೇ ಎಸೆದ.

"ಬಿಟ್ಟಬಿಡೋ ಮುಜಫರ. ಗಾಳಕ್ಕ ತಲಿ ಮಾಡೂ ಕೆಲಸ ನಂದಲ್ಲ."

"ಅಚ್ಚು ತಣ್ಣಗದ ಮಾಮು. ಸೀಸ ಒಳಗ ಹೋಗೂದ್ರಾಗ ಗಟ್ಟಿ ಆಗಾಕತ್ತದ. ಮೊದಲ ಅಚ್ಚಿಗಿ ಕಾವು ಕೊಡಬೇಕಂತ, ಫೋನಿನ್ಯಾಗ ತೋರಸ್ಯಾರ."

"ಹುಟ್ಟಿದಾಗಿಂದ ಬೆಂಕಿ ಮುಂದ ಕುಂತೀನಿ. ನಿನ್ನ ಫೋನು ನನಗ ಕಾವು ಕಲಸ್ತದೇನು?"

ಹಾಗೆಂದರೂ ಅಚ್ಚನ್ನು ಕೆಂಡದ ಮೇಲೆ ಹಿಡಿದ. ಚಿಮಣಿ ದೀಪದ ಹೊಗೆಗೆ ಒಡ್ಡಿ ಒಳಮೈಗೆ ಮಸಿ ಹತ್ತಿಸಿದ, ಸೀಸ ಅಂಟದೆ ಕಳಚಲೆಂದು. ಕೊಕ್ಕೆಯಿಟ್ಟು ಮುಚ್ಚಿ, ಸೌಟಿನಿಂದ ತಡೆಯದೆ ಒಂದೇ ಧಾರೆಯಲ್ಲಿ ಹೊಯ್ದ. ತೆರೆದಾಗ ಆರು ಕೊಕ್ಕೆಗಳ ಮೇಲೆ ಆರು ತಲೆ ದುಂಡಗೆ ಹೊಳೆಯುತ್ತಿದ್ದವು. ಖುಷಿಯಲ್ಲಿ ಬಿಸಿ ಅಚ್ಚನ್ನು ಪಕ್ಕದ ನೀರಿನ ಬೋಗುಣಿಗೆ ಅದ್ದಲು ಹೋದ. ಕಾದ ಪಾತ್ರೆಯನ್ನು ನೀರಿಗದ್ದುವುದು ಕಲಾಯಿಯವನ ಕೈಗೆ ಹತ್ತಿದ ಚಾಳಿ. ಮುಜಫರ ಮುಂಗೈ ಹಿಡಿದುಕೊಂಡ.

"ಒಂದ್ ಹನಿ ನೀರು ಉಳದ್ರೂ ಸೀಸ ಮಾರಿಗಿ ಸಿಡೀತದ ಮಾಮು!"

ಮುಜಫರ ಸರದಾರಸಾಬನ ಅಕ್ಕನ ಮಗ. ಶಹಾಪುರದಲ್ಲಿ ಅವನದೊಂದು ಪಂಚರ್ ಅಂಗಡಿ. ಗಾಲಿಯ ತೂಕ ಸರಿಮಾಡಲು ಅಂಟಿಸುವ ಸೀಸದ ತುಂಡುಗಳು ಅಲ್ಲಿ ಡಬ್ಬಿಗಟ್ಟಲೆ ಬೀಳುತ್ತಿದ್ದವು. ರವಿವಾರ ಬಂದರೆ ಹೈದರಾಬಾದಿನ ಶೋಕಿ ಮಂದಿ ಕಾರಿನಲ್ಲಿ ಕೊಡೇಕಲ್ ಕಡೆಯ ಹಿನ್ನೀರಿಗೆ ಗಾಳ ಹಾಕಲು ಹೋಗುತ್ತಾರೆ. ಅವರ ಕೊಕ್ಕೆಗೆ ಸೀಸದ ತಲೆ ಬೇಕು; ಅದಕ್ಕೆ ಅವರು ಜಿಗ್ ಅನ್ನುತ್ತಾರೆ. ಬಂಡೆಯ ಸಂದಿಗೆ ಸಿಕ್ಕಿ ದಿನಕ್ಕೆ ಹತ್ತಾರು ಹರಿದುಹೋಗುತ್ತವೆ ಎಂದು ಒಬ್ಬ ಪಂಚರ್ ಹಾಕಿಸುತ್ತ ಗೊಣಗಿದ್ದೇ ತಡ, ಮುಜಫರನಿಗೆ ಸುರಪುರದ ಮಾಮುವಿನ ಕುಲುಮೆ ನೆನಪಾಗಿತ್ತು.

ಆದರೆ ಮಾಮುವಿಗೆ ಸೀಸವೆಂದರೆ ವೈರಿ. ತಾಮ್ರದ ಪಾತ್ರೆಗೆ ಬಳಿಯುವ ಕಲಾಯಿ ಅಪ್ಪಟ ತವರದ್ದಾಗಿರಬೇಕು. ತವರ ತುಟ್ಟಿ, ಸೀಸ ಅಗ್ಗ. ಅರ್ಧಕ್ಕರ್ಧ ಸೀಸ ಕೂಡಿಸಿ ಬಳಿದರೂ ಹೊಳಪು ಹೊಳಪೇ. ಹುಳಿ ಬಿದ್ದಾಗ ಅದು ಬಿಡುವ ವಿಷ ಕಣ್ಣಿಗೆ ಕಾಣುವುದಿಲ್ಲವಲ್ಲ. ಸರದಾರಸಾಬನ ಅಪ್ಪ ಸಾಯುವಾಗ ಮಗನಿಗೆ ಬಿಟ್ಟುಹೋದ ಆಸ್ತಿ ಎಂದರೆ ಒಂದು ತಿದಿ ಮತ್ತು ಸೀಸ ಮುಟ್ಟದವರೆಂಬ ಹೆಸರು. ಸ್ಟೀಲು, ಕುಕ್ಕರು ಬಂದು ಕಸುಬು ಕುತ್ತಿಗೆಯವರೆಗೆ ಮುಳುಗಿದರೂ ಆ ಹೆಸರು ತೇಲುತ್ತಿತ್ತು. ವರ್ಷಕ್ಕೊಮ್ಮೆ ಗ್ಯಾರವಿ ಹಬ್ಬದ ಮುಂಚೆ ಜಮಾತಿನ ದೊಡ್ಡ ತಾಮ್ರದ ಡೇಗುಗಳು ಕೈಗಾಡಿಯಲ್ಲಿ ಅವನ ಅಂಗಡಿಗೇ ಬರುತ್ತಿದ್ದವು. ಹಬ್ಬದ ಪ್ರಸಾದವಾದ ನ್ಯಾಜು ಬೇಯುವ, ಊರೆಲ್ಲ ಉಣ್ಣುವ ಡೇಗು ಅವು. ಅವು ಬಂದಿಳಿದ ದಿನ ಸರದಾರಸಾಬ ಹೊಸ ಅಂಗಿ ತೊಡುತ್ತಿದ್ದ, ಸಂಜೆಯೊಳಗೆ ಅದು ಮಸಿಯಾಗುತ್ತದೆಂದು ಗೊತ್ತಿದ್ದೂ.

ಆ ಹಬ್ಬದ ಕೆಲಸವೊಂದರಿಂದಲೇ ವರ್ಷವಿಡೀ ಒಲೆ ಉರಿಯುವುದಿಲ್ಲ. ಖಾಸಿಂಬೀ ಗಂಡನಿಗೆ ತಿಳಿಹೇಳಿ ಒಪ್ಪಿಸಿದಳು. ಒಪ್ಪಿಸುವಾಗ ಒಂದು ಮಾತು ಮಾತ್ರ ಬಿಗಿಯಾಗಿ ಹೇಳಿದಳು.

"ಹಿತ್ತಲದಾಗ ಮಾಡ್ರಿ. ಬಜಾರದಾಗ ಬ್ಯಾಡ."

"ಯಾಕ? ನಾ ಏನ್ ಕಳವು ಮಾಡಾಕತ್ತೇನೇನು?"

"ಕಳವಲ್ರಿ. ಈಚಲ ಗಿಡದ ಬುಡಕ ಕುಂತು ಮಜ್ಜಗಿ ಕುಡದ್ರೂ ಮಂದಿ ಸೇಂದಿ ಅಂತಾರ."

"ಹಿತ್ತಲದಾಗ ಮುಚ್ಚಿ ಮಾಡಿದ್ರನs ಸೇಂದಿ. ಎಲ್ಲಾರ ಮುಂದ ಕುಡದ್ರ ಮಜ್ಜಗಿನs."

ಪ್ರಾಮಾಣಿಕರಿಗೆ ಇಂಥ ಹುಚ್ಚು ಇರುತ್ತದೆ. ತಮ್ಮ ಮನಸ್ಸು ಗಾಜಿನದು, ಹೊರಗಿನವರಿಗೆ ಆರಪಾರ ಕಾಣುತ್ತದೆ ಎಂದುಕೊಂಡಿರುತ್ತಾರೆ. ಸರದಾರಸಾಬ ಅಂಗಡಿಯ ಮುಂಭಾಗದಲ್ಲೇ ಸೀಸಕ್ಕೆ ಬೇರೆ ಒಲೆ ಹಾಕಿದ. ಬೇರೆ ಬಾಣಲೆ, ಬೇರೆ ಸೌಟು. ಸೀಸದ ಒಲೆಗೂ ತವರದ ಕುಲುಮೆಗೂ ನಡುವೆ ಒಂದು ಸಾಲು ಇಟ್ಟಂಗಿ ಜೋಡಿಸಿದ. ಕೇಳಿದವರಿಗೆಲ್ಲ ತಾನಾಗಿಯೇ ಹೇಳಿದ, "ಈ ಕಡಿ ಸೀಸ, ಆ ಕಡಿ ತವರ." ಊರಿಗೆ ಕಣ್ಣಿದೆ, ಬಾಯಿಯಿದೆ, ಇಟ್ಟಂಗಿಯ ಸಾಲು ಯಾರ ಕಣ್ಣಿಗೆ ಬೀಳಬೇಕು? ಸರದಾರಸಾಬನ ಅಂಗಡಿಯಲ್ಲಿ ಸೀಸ ಕುದಿಯುತ್ತಿದೆ ಎಂಬಷ್ಟೇ ಸುದ್ದಿ ಬಾಯಿಂದ ಬಾಯಿಗೆ ಹೋಯಿತು.

ಇತ್ತ ಜಿಗ್‌ಗಳು ಚೆನ್ನಾಗಿ ಹೋದವು. ಅವನು ಕರಗಿದ ಸೀಸಕ್ಕೆ ಮೇಣದ ಚೂರು ಹಾಕಿ ಕಲಕಿ, ಮೇಲೆ ತೇಲಿದ ಕಿಟ್ಟವನ್ನು ತೆಗೆದು, ತಲೆಗೆ ಅಂಟಿ ಉಳಿದ ಹೆಚ್ಚಿನ ಸೀಸದ ಬಾಲ ಕತ್ತರಿಸಿ, ಒಂದೊಂದನ್ನೂ ಅರದಲ್ಲಿ ಉಜ್ಜಿ ಕೊಡುತ್ತಿದ್ದ. ಸರದಾರಸಾಬನ ಸೀಸದಲ್ಲಿ ಕಲಬೆರಕೆ ಇಲ್ಲವೆಂದು ಹೈದರಾಬಾದಿನವರು ಹೊಗಳಿದರು. ಮುಜಫರ ಈ ಮಾತನ್ನು ಬಲು ಹೆಮ್ಮೆಯಿಂದ ತಂದು ಒಪ್ಪಿಸಿದ. ಮಾಮು ಯಾಕೆ ನಗಲಿಲ್ಲವೆಂದು ಅವನಿಗೆ ತಿಳಿಯಲಿಲ್ಲ.

ಯಾಕೆಂದರೆ ಗ್ಯಾರವಿ ಹತ್ತಿರ ಬಂದಿತ್ತು, ಡೇಗುಗಳು ಬಂದಿರಲಿಲ್ಲ. ಸರದಾರಸಾಬ ಕಲಾಯಿಗೆ ಬೇಕಾದ ನವಸಾಗರ ಕುಟ್ಟಿಟ್ಟಿದ್ದ, ಬಳಿಯಲು ಅರಳೆ ತಂದಿದ್ದ. ಕಡೆಗೆ ತಡೆಯಲಾರದೆ ಜಮಾತಿನ ಹಿರಿಯ ರಾಜಾಸಾಬನ ಬಟ್ಟೆಯಂಗಡಿಗೆ ತಾನೇ ಹೋದ. ಇಬ್ಬರೂ ಒಂದೇ ಓಣಿಯಲ್ಲಿ ಗೋಲಿಯಾಡಿ ಬೆಳೆದವರು. ರಾಜಾಸಾಬ ಚಹಾ ತರಿಸಿದ. ಚಹಾ ಬರುವವರೆಗೂ ಮಳೆಯ ಮಾತಾಡಿದ.

"ಡೇಗು ಯಾದಗಿರಿ ಹುಡುಗಗ ಕೊಟ್ಟೀವಿ ಸರದಾರ" ಎಂದ ಕೊನೆಗೆ. "ಗ್ಯಾಸಿನ ಒಲಿ ತಂದು ಇಲ್ಲೇ ಮಾಡಿ ಹೋದ. ಅರ್ಧಾ ರೊಕ್ಕಕ್ಕ."

"ಆ ರೊಕ್ಕಕ್ಕ ತವರ ಸುದ್ದಾ ಬರಂಗಿಲ್ಲ ರಾಜಾಭಾಯಿ! ಅಂವ ಏನ್ ಬಳದಾನ?"

ಸರದಾರಸಾಬ ಜೇಬಿನಿಂದ ತವರದ ಕಡ್ಡಿ ತೆಗೆದು ರಾಜಾಸಾಬನ ಕಿವಿಯ ಹತ್ತಿರ ಹಿಡಿದು ಬಗ್ಗಿಸಿದ. ಅದು ಕರಕರ ಎಂದಿತು. ಸೀಸ ಕೂಡಿಸಿದ ತವರ ಹಾಗೆ ಸದ್ದು ಮಾಡುವುದಿಲ್ಲ.

"ಕೇಳಸ್ತೇನು? ನನ್ನ ತವರ ಇದು. ಇಂದಿಗೂ ಇದs."

"ನನಗ ಗೊತ್ತದೋ" ಎಂದ ರಾಜಾಸಾಬ. ಅವನ ದನಿಯಲ್ಲಿ ಸುಳ್ಳಿರಲಿಲ್ಲ. "ನನಗ ಹೇಳಬ್ಯಾಡ. ಮಂದಿ ಬಾಯಿಗಿ ಏನ್ ಬೀಗ ಹಾಕ್ಲಿ? ಸೀಸದಂವಗ ನ್ಯಾಜಿನ ಡೇಗು ಹೆಂಗ ಕೊಟ್ರಿ ಅಂತ ನಾಳೆ ನನ್ನನ್ನs ಕೇಳ್ತಾರ. ಚಾ ಕುಡಿ, ಆರ್ತದ."

ನಂಬದವರ ಮೇಲೆ ಸಿಟ್ಟು ಬರುತ್ತದೆ, ಕೂಗಾಡಬಹುದು. ನಂಬಿಯೂ ಕೈಬಿಟ್ಟವನ ಮೇಲೆ ಏನು ಮಾಡುವುದು? ಸರದಾರಸಾಬ ಚಹಾ ಕುಡಿದು ಎದ್ದುಬಂದ.

ಹಬ್ಬದ ಮುಂಜಾನೆ ಶಹಾಪುರಕ್ಕೆ ಕಳಿಸಬೇಕಾದ ಜಿಗ್‌ಗಳ ಬಾಲ ಕತ್ತರಿಸುತ್ತ ಕೂತವನಿಗೆ ಕೂರಲಾಗಲಿಲ್ಲ. ಇಕ್ಕಳ ಬಿಸಾಕಿ ಜಮಾತಖಾನೆಗೆ ನಡೆದ. ಅಂಗಳದಲ್ಲಿ ಡೇಗುಗಳು ತೊಳೆದಿಟ್ಟಿದ್ದವು. ಒಳಗೆ ಬಗ್ಗಿ ನೋಡಿದ. ಹೊಳಪೇನೋ ಇತ್ತು, ಆದರೆ ಅಂಚಿನಲ್ಲಿ ಮೋಡ ಕವಿದ ಹಾಗೆ ನೀಲಿ ಮಸುಕು. ತೋರುಬೆರಳಿನಿಂದ ಒಳಮೈಯನ್ನು ಒತ್ತಿ ತಿಕ್ಕಿದ. ಬೆರಳಿಗೆ ಕಪ್ಪು ಹತ್ತಿತು.

"ರಾಜಾಭಾಯಿ, ಇಲ್ಲಿ ಬಾ. ನೋಡು. ಸೀಸ ಇದು. ಇದರಾಗ ಹುಣಚಿಹುಳಿ ಹಾಕಿ ದಾಲ್ಚಾ ಕುದಸ್ತೀರೇನು? ಊರ ಮಂದಿ ಉಣ್ತಾರೋ!"

ರಾಜಾಸಾಬ ಬಂದ. ಕಟ್ಟಿಗೆ ಒಟ್ಟುತ್ತಿದ್ದ ಅಡುಗೆಯ ಬಾವರ್ಚಿಯೂ ಬಂದ. ಬೆರಳನ್ನು ನೋಡಿದರು. ಆಮೇಲೆ ರಾಜಾಸಾಬ ಮೆಲ್ಲಗೆ ಅಂದ:

"ಬಾಕಿ ಒಂಬತ್ತು ಬಟ್ಟೂ ತೋರಸು."

ಸರದಾರಸಾಬ ತನ್ನ ಕೈಗಳನ್ನು ನೋಡಿಕೊಂಡ. ಬೆಳಗಿನಿಂದ ಸೀಸ ಹಿಡಿದ ಕೈ. ಹತ್ತೂ ಬೆರಳು ಒಂದೇ ಬಣ್ಣ ಇದ್ದವು.

ಬಾವರ್ಚಿ ನಕ್ಕುಬಿಟ್ಟ. ಸರದಾರಸಾಬ ಗಡಿಬಿಡಿಯಲ್ಲಿ ಹೆಗಲ ಮೇಲಿನ ಬಿಳಿ ವಸ್ತ್ರ ಎಳೆದು, "ಇದರಲೆ ಒರಸ್ತೀನಿ, ಈಗ ನೋಡ್ರಿ" ಎಂದು ಮತ್ತೆ ಡೇಗಿಗೆ ಬಗ್ಗಿದ. ಬಾವರ್ಚಿ ಅಡ್ಡ ಬಂದು ಅವನ ರಟ್ಟೆ ಹಿಡಿದ.

"ಬ್ಯಾಡ್ರಿ ಚಾಚಾ. ಸೀಸದ ಕೈ ನ್ಯಾಜಿನ ಡೇಗಿನ್ಯಾಗ ಹಾಕಬ್ಯಾಡ್ರಿ."

ಸರದಾರಸಾಬ ರಾಜಾಸಾಬನ ಮುಖ ನೋಡಿದ. ರಾಜಾಸಾಬ ಹೊಗೆ ಕಣ್ಣಿಗೆ ಬಂತೆಂಬ ಹಾಗೆ ಮುಖ ತಿರುಗಿಸಿ, ಎರಡೂ ಡೇಗು ಒಲೆಗೇರಿಸಲು ಹೇಳಿದ.

"ನಾ ಹೋಗಂಗಿಲ್ಲ ಊಟಕ್ಕ. ನೀನೂ ಬ್ಯಾಡ" ಎಂದ ಸರದಾರಸಾಬ ಮನೆಗೆ ಬಂದು. ಕೈಯನ್ನು ಬೂದಿ ಹಾಕಿ ತಿಕ್ಕುತ್ತಿದ್ದ.

ಖಾಸಿಂಬೀ ಎಲ್ಲ ಕೇಳಿಸಿಕೊಂಡಳು. ನಾನು ಅಂದಿದ್ದೆನಲ್ಲ ಎನ್ನಲಿಲ್ಲ, ಅಷ್ಟು ಕೆಟ್ಟವಳಲ್ಲ. "ಹೋಗದಿದ್ರ ಹೊಟ್ಟಿಕಿಚ್ಚು ಅಂತಾರ" ಎಂದಳು. "ಹಬ್ಬದ ಅನ್ನ ಬಿಟ್ಟವರು ಅಂತ ಮ್ಯಾಲ ಇನ್ನೊಂದು ಮಾತು ಬರ್ತದ. ಇದs ಊರಾಗ ಇರಬೇಕಲ್ರಿ ನಾವು. ಏಳ್ರಿ."

ಹೋದರು. ಖಾಸಿಂಬೀ ಪರದೆಯಾಚೆ ಹೆಂಗಸರ ಕಡೆಗೆ, ಅವನು ಗಂಡಸರ ಮೊದಲ ಪಂಕ್ತಿಗೆ. ರಾಜಾಸಾಬ ತಾನೇ ಬಂದು ಅವನ ತಟ್ಟೆಗೆ ಅನ್ನದ ಮೇಲೆ ದಾಲ್ಚಾ ಸುರಿದು, ಮೂಳೆಯಿಲ್ಲದ ತುಂಡು ಹುಡುಕಿ ಹಾಕಿದ. ಹುಳಿಯ ಘಮ ಮೂಗಿಗೆ ಬಡಿಯಿತು. ಎದ್ದುನಿಂತು ಕೂಗಿಬಿಡಬೇಕು ಅನ್ನಿಸಿತು ಸರದಾರಸಾಬನಿಗೆ. ಎಡಬಲದವರು ಆಗಲೇ ಉಣ್ಣತೊಡಗಿದ್ದರು. ಎದುರಿಗೆ ಕೂತವನೊಬ್ಬ ಇವನ ತಟ್ಟೆಯ ಕಡೆಗೇ ನೋಡುತ್ತಿದ್ದ. ಸರದಾರಸಾಬ ತುತ್ತು ಕಲಸಿ ಬಾಯಿಗಿಟ್ಟ. ರುಚಿಯಾಗಿತ್ತು. ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಕೈ ತೊಳೆಯಲು ನಳದ ಹತ್ತಿರ ಬಂದಾಗ ಮುಜಫರನ ಫೋನು ಬಂತು. ತೆಗೆಯಲಿಲ್ಲ. ಹಿಂದೆ ಅಂಗಳದಲ್ಲಿ ರಾಜಾಸಾಬ ಕೂಗುತ್ತಿದ್ದ: "ಹೆಣ್ಮಕ್ಕಳ ಪಂಕ್ತಿ ಇನ್ನಾ ಬಾಕಿ ಅದ. ತಳಾ ಕೆರದು ಹಾಕ್ರಿ, ತಳದ್ದs ರುಚಿ!"

ಬಾವರ್ಚಿ ಕಬ್ಬಿಣದ ಸವಟನ್ನು ಎರಡೂ ಕೈಯಲ್ಲಿ ಹಿಡಿದು, ಅರ್ಧ ಮೈ ಡೇಗಿನೊಳಗೆ ಬಗ್ಗಿಸಿ, ತಳದ ಕಲಾಯಿಯೂ ಕಿತ್ತುಬರುವ ಹಾಗೆ ಜೋರಾಗಿ ಕೆರೆಯತೊಡಗಿದ. ಕೆರೆದದ್ದನ್ನು ಪರಾತಿಗೆ ತುಂಬಿಸಿಕೊಂಡು ಇಬ್ಬರು ಪರದೆ ಸರಿಸಿ ಒಳಗೆ ಹೋದರು. ಪರದೆ ಮುಚ್ಚುವ ಮುನ್ನ ಸರದಾರಸಾಬನಿಗೆ ಕಂಡಿತು, ಸಾಲಿನ ಈ ತುದಿಯಲ್ಲಿ ಕೂತ ಖಾಸಿಂಬೀ ತಲೆ ತಗ್ಗಿಸಿ ತಟ್ಟೆ ಮುಂದೆ ಹಿಡಿದಿದ್ದಳು.